ಚೀನದ ಪಿಂಗಾಣಿಗೆ ಯುರೋಪಿನ ಲೋಹದ ಕಟ್ಟು

ಸೇಡಂ ತಾಲ್ಲೂಕಿನ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದು, ಅಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದ ಕಾಲದಲ್ಲಿ, ಅಂದರೆ ಕ್ರಿ.ಶ. 851ರಲ್ಲಿ, ಅರಬ್ಬೀ ಭಾಷೆಯಲ್ಲಿ ಒಂದು ಗ್ರಂಥ ರಚನೆಯಾಯಿತು. ವರ್ತಕ ಸುಲೈಮಾನನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಆ ಗ್ರಂಥವು ಜಗತ್ತಿನ ನಾಲ್ವರು ಮಹಾರಾಜರನ್ನು ಹೆಸರಿಸುವಾಗ ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ ಮತ್ತು ರೋಮಕರ ದೊರೆಯ ಜೊತೆಗೆ ‘ಬಲ್ಹರಾ’ ಎಂಬ ಅರಸನನ್ನೂ ಸೇರಿಸುತ್ತದೆ. ಈ ಬಲ್ಹರಾ ರಾಷ್ಟ್ರಕೂಟ ದೊರೆಯೇ ಎಂಬುದು ಇತಿಹಾಸಕಾರರ ನಿರ್ಣಯ. ಅದೇ ಗ್ರಂಥವು ಚೀನೀಯರು ನಯವಾದ ಮಣ್ಣಿನಿಂದ ಗಾಜಿನಷ್ಟು ತೆಳುವಾದ ಬಟ್ಟಲುಗಳನ್ನು ಮಾಡುತ್ತಾರೆಂದೂ, ಅವುಗಳೊಳಗಿನ ನೀರು ಹೊರಗಿನಿಂದಲೇ ಕಾಣುತ್ತದೆಂದೂ ಬೆರಗಿನಿಂದ ವರ್ಣಿಸುತ್ತದೆ. ಮಾನ್ಯಖೇಟದ ಕೀರ್ತಿಯೂ ಚೀನದ ಪಿಂಗಾಣಿಯ ಕೀರ್ತಿಯೂ ಒಂದೇ ಕಡಲಮಾರ್ಗದಲ್ಲಿ ಸಂಚರಿಸಿದವು.

ಪಿಂಗಾಣಿಯು ಎರಡು ಬಗೆಯ ಖನಿಜಗಳ ಮಿಶ್ರಣದಿಂದ ತಯಾರಾಗುತ್ತದೆ. ಕೆಯೋಲಿನ್ ಎಂಬ ಬಿಳಿಯ ಜೇಡಿಮಣ್ಣು ಪಾತ್ರೆಗೆ ಆಕಾರವನ್ನು ಕೊಟ್ಟರೆ, ಪುಡಿಮಾಡಿದ ಒಂದು ಬಗೆಯ ಕಲ್ಲು ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಆ ಮಣ್ಣನ್ನು ಗಾಜಿನಂತೆ ಬಿಗಿಗೊಳಿಸುತ್ತದೆ. ನೀಲಿ-ಬಿಳಿ ಪಿಂಗಾಣಿಯಲ್ಲಿ, ಇನ್ನೂ ಸುಡದ ಪಾತ್ರೆಯ ಮೇಲೆ ಕೋಬಾಲ್ಟ್ ಎಂಬ ಲೋಹದ ಅದಿರಿನಿಂದ ಮಾಡಿದ ಬಣ್ಣದಲ್ಲಿ ಚಿತ್ರ ಬರೆದು, ಅದರ ಮೇಲೆ ಪಾರದರ್ಶಕವಾದ ಗಾಜುಲೇಪವನ್ನು ಕೊಟ್ಟು ಸುಡುವುದರಿಂದ, ಚಿತ್ರವು ಲೇಪದ ಅಡಿಯಲ್ಲಿ ಉಳಿದು ಎಷ್ಟು ಬಳಸಿದರೂ ಸವೆಯುವುದಿಲ್ಲ. ಜಿಯಾಂಗ್‌ಷಿ ಪ್ರಾಂತ್ಯದ ಜಿಂಗ್ದೆಝೆನ್ ನಗರದಲ್ಲಿ 14ನೆಯ ಶತಮಾನದಲ್ಲಿ ಈ ಕಲೆ ಪಕ್ವವಾಯಿತು. ಆರಂಭದಲ್ಲಿ ಅದಕ್ಕೆ ಬೇಕಾದ ಕೋಬಾಲ್ಟ್ ಪರ್ಷಿಯದ ಕಡೆಯಿಂದ ಬರುತ್ತಿತ್ತು.

ಈ ಸರಕಿನ ಹಾದಿಯಿಂದ ದಖ್ಖನ್ ಹೊರಗುಳಿದಿರಲಿಲ್ಲ. ಕಲಬುರಗಿಯ ದಕ್ಷಿಣಕ್ಕೆ ಭೀಮಾ ತೀರದಲ್ಲಿ ಫಿರೋಜಾಬಾದ್ ನಗರವನ್ನು ಕಟ್ಟಿಸಿದ ಬಹಮನಿ ಸುಲ್ತಾನ ಫಿರೋಜ್ ಷಾ (ಆಳ್ವಿಕೆ 1397–1422) ಗೋವಾ ಮತ್ತು ಚೌಲ್ ಬಂದರುಗಳಿಂದ ಪ್ರತಿವರ್ಷ ಹಡಗುಗಳನ್ನು ಕಳುಹಿಸಿ ದೇಶದೇಶಗಳ ಅಪರೂಪದ ವಸ್ತುಗಳನ್ನು ತರಿಸುತ್ತಿದ್ದನೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಹಂಪಿಯ ಉತ್ಖನನಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ದೊರೆತಿವೆ; ವಿಜಯಪುರದ ಗೋಲಗುಂಬಜ್ ಆವರಣದ ವಸ್ತುಸಂಗ್ರಹಾಲಯದಲ್ಲಿ ಚೀನೀ ಪಾತ್ರೆಗಳಿವೆ. ತಂಬಾಕಿನ ಚಟ ದಖ್ಖನಿನಿಂದ ಮೊಗಲರ ಆಸ್ಥಾನಕ್ಕೆ ಹರಡಿದ ಮೇಲೆ, ಬೀದರಿನ ಕುಶಲಕರ್ಮಿಗಳು ಬೆಳ್ಳಿ ಕೆತ್ತನೆಯ ಬಿದರಿ ಹುಕ್ಕಾ ಬುಡಗಳನ್ನು ಮಾಡಿದಂತೆಯೇ, ಚೀನದ ಕುಂಬಾರರು ಭಾರತದ ಗಿರಾಕಿಗಳಿಗಾಗಿ ನೀಲಿ-ಬಿಳಿ ಹುಕ್ಕಾ ಬುಡಗಳನ್ನು ಮಾಡಿ ಕಳುಹಿಸಿದರು.

ಪಿಂಗಾಣಿಯ ಪಯಣ ಯುರೋಪಿಗೆ ಮುಂದುವರಿದಾಗ ಅದಕ್ಕೆ ಹೊಸದೊಂದು ಅಂಗ ಸೇರಿಕೊಂಡಿತು. ಅಲ್ಲಿನ ಅಕ್ಕಸಾಲಿಗರು ಪಾತ್ರೆಯ ಬಾಯಿ, ಕೊರಳು ಮತ್ತು ಪಾದಗಳಿಗೆ ಬೆಳ್ಳಿಯ ಅಥವಾ ಚಿನ್ನದ ಲೇಪವಿರುವ ಬೆಳ್ಳಿಯ ಪಟ್ಟಿಗಳನ್ನು ಕೂರಿಸಿ, ಹಿಡಿಕೆ, ಕೀಲುಮುಚ್ಚಳ ಮತ್ತು ಪೀಠಗಳನ್ನು ಜೋಡಿಸಿದರು. ನಮ್ಮಲ್ಲಿ ರುದ್ರಾಕ್ಷಿಗೆ ಬೆಳ್ಳಿಯ ಕಟ್ಟು ಹಾಕಿಸಿದಾಗ ಮಣಿಗೆ ರಕ್ಷಣೆಯೂ ಗೌರವವೂ ಒಟ್ಟಿಗೆ ಸಲ್ಲುವಂತೆ, ಈ ಲೋಹದ ಕಟ್ಟು ಕೂಡ ಒಡೆಯುವ ಅಂಚನ್ನು ಕಾಯುತ್ತಿತ್ತು, ಮುಕ್ಕಾದ ಭಾಗವನ್ನು ಮರೆಮಾಡುತ್ತಿತ್ತು, ಬಟ್ಟಲನ್ನು ಪಾನಪಾತ್ರೆಯಾಗಿಯೂ ಸೀಸೆಯನ್ನು ಹೂಜಿಯಾಗಿಯೂ ಬದಲಿಸುತ್ತಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಆ ವಸ್ತು ಎಷ್ಟು ದುರ್ಲಭವಾದುದೆಂಬುದನ್ನು ನೋಡುವವರಿಗೆ ತಿಳಿಸುತ್ತಿತ್ತು.

1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಯನ್ನು ತಲುಪಿ, 1510ರಲ್ಲಿ ಪೋರ್ಚುಗೀಸರು ಬಿಜಾಪುರದ ಸುಲ್ತಾನರಿಂದ ಗೋವಾವನ್ನು ಕಸಿದುಕೊಂಡು, 1557ರ ಹೊತ್ತಿಗೆ ಮಕಾವಿನಲ್ಲಿ ನೆಲೆಯೂರಿದ ಬಳಿಕ ನೀಲಿ-ಬಿಳಿ ಪಿಂಗಾಣಿಯು ಪಶ್ಚಿಮಕ್ಕೆ ನೇರವಾಗಿ ಸಾಗತೊಡಗಿತಾದರೂ, ಮೊದಮೊದಲು ಅದು ಅರಸರ ಮತ್ತು ಸಿರಿವಂತರ ಪಾಲಿನ ಸೊತ್ತಾಗಿತ್ತು. ಇಂಗ್ಲೆಂಡಿನ ರಾಣಿ ಒಂದನೆಯ ಎಲಿಜಬೆತ್‌ಳ ಮಂತ್ರಿ ಲಾರ್ಡ್ ಬರ್ಲಿಯ ಮನೆತನದಲ್ಲಿ ಉಳಿದು ಬಂದ, ಸುಮಾರು 1585ರಲ್ಲಿ ಚಿನ್ನದ ಲೇಪದ ಬೆಳ್ಳಿಯ ಕಟ್ಟು ಹಾಕಿಸಿಕೊಂಡ ನೀಲಿ-ಬಿಳಿ ಪಾತ್ರೆಗಳು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿವೆ. 1602 ಮತ್ತು 1603ರಲ್ಲಿ ಡಚ್ಚರು ಪೋರ್ಚುಗೀಸ್ ಹಡಗುಗಳನ್ನು ಸೆರೆಹಿಡಿದು ಅವುಗಳಲ್ಲಿದ್ದ ಪಿಂಗಾಣಿಯನ್ನು ಹಾಲೆಂಡಿನಲ್ಲಿ ಹರಾಜು ಹಾಕಿದ ಮೇಲೆ ಈ ಸರಕು ಸಾವಿರಾರು ಸಂಖ್ಯೆಯಲ್ಲಿ ಬಂದಿಳಿಯಿತು.

ಸರಕು ಹೆಚ್ಚಿದ್ದರಿಂದ ಲೋಹದ ಕಟ್ಟಿನ ಪದ್ಧತಿ ಅಳಿಯಲಿಲ್ಲ, ಅದರ ಉದ್ದೇಶ ಮಾತ್ರ ಬದಲಾಯಿತು. 18ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಐಷಾರಾಮಿ ವಸ್ತುಗಳ ವರ್ತಕರು ಚೀನೀ ಹೂದಾನಿಗಳಿಗೆ ಬಳ್ಳಿ, ಎಲೆ, ಚಿಪ್ಪುಗಳ ಆಕಾರದ ಚಿನ್ನದ ಲೇಪದ ಕಂಚಿನ ಅಲಂಕಾರಗಳನ್ನು ಹಾಕಿಸಿ, ಅವು ಫ್ರೆಂಚ್ ಪೀಠೋಪಕರಣಗಳಿಗೆ ಒಪ್ಪುವಂತೆ ಮಾಡಿದರು. ಈ ಲೇಪಕ್ಕಾಗಿ ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಕಂಚಿಗೆ ಬಳಿದು ಕಾಯಿಸುತ್ತಿದ್ದರು. ಪಾದರಸ ಹಬೆಯಾಗಿ ಹೋಗಿ ಚಿನ್ನ ಉಳಿಯುತ್ತಿತ್ತು, ಆದರೆ ಆ ವಿಷದ ಹಬೆ ಕೆಲಸಗಾರರ ಆರೋಗ್ಯವನ್ನು ಹಾಳುಮಾಡುತ್ತಿತ್ತು. ಇಂತಹ ವಸ್ತುಗಳ ಚೆಲುವಿನ ಹಿಂದಿರುವ ಈ ಬೆಲೆಯನ್ನೂ ಇತಿಹಾಸ ಲೆಕ್ಕಕ್ಕೆ ಹಿಡಿಯಬೇಕು.

ಇಂದಿನ ಅಧ್ಯಯನಕಾರರಿಗೆ ಪಾತ್ರೆಯಷ್ಟೇ ಕಟ್ಟೂ ಒಂದು ದಾಖಲೆ. ಚೀನೀ ಪಾತ್ರೆಯ ತಳದಲ್ಲಿರುವ ಚಕ್ರವರ್ತಿಯ ಆಳ್ವಿಕೆಯ ಮುದ್ರೆಯನ್ನು, ಹಿಂದಿನ ಕಾಲದ ಗೌರವಾರ್ಥವಾಗಿ ನಂತರದವರೂ ಬರೆಯುತ್ತಿದ್ದುದರಿಂದ, ಅದೊಂದನ್ನೇ ನಂಬಿ ಕಾಲವನ್ನು ನಿರ್ಧರಿಸಲಾಗದು. ಆದರೆ ಲಂಡನ್ನಿನ ಬೆಳ್ಳಿಯ ಮೇಲೆ ವರ್ಷವನ್ನು ಸೂಚಿಸುವ ಅಕ್ಷರವನ್ನು ಒತ್ತುವ ಕ್ರಮವಿತ್ತು. ಫ್ರಾನ್ಸಿನಲ್ಲಿ 1745ರಿಂದ 1749ರವರೆಗೆ ತಾಮ್ರಮಿಶ್ರ ಲೋಹದ ವಸ್ತುಗಳಿಗೆ ತೆರಿಗೆಯ ಗುರುತಾಗಿ ಕಿರೀಟವಿರುವ ‘ಸಿ’ ಮುದ್ರೆ ಬೀಳುತ್ತಿತ್ತು. ಕಟ್ಟು ಪಾತ್ರೆಯೊಂದಿಗೆ ಮೊದಲಿನಿಂದಲೂ ಇದ್ದದ್ದಾದರೆ, ಪಾತ್ರೆಯು ಆ ವರ್ಷಕ್ಕಿಂತ ಈಚಿನದಾಗಿರಲು ಸಾಧ್ಯವಿಲ್ಲ.

ಕಟ್ಟನ್ನು ಕಳಚಿದರೆ ಆಗುವ ನಷ್ಟಕ್ಕೆ ಡಬ್ಲಿನ್ನಿನಲ್ಲಿರುವ ಐರ್ಲೆಂಡ್ ರಾಷ್ಟ್ರೀಯ ಸಂಗ್ರಹಾಲಯದ ಫಾಂಟ್‌ಹಿಲ್ ಹೂದಾನಿ ಸಾಕ್ಷಿಯಾಗಿದೆ. ಸುಮಾರು 1300ರಲ್ಲಿ ಚೀನದಲ್ಲಿ ತಯಾರಾದ, ನೀಲಿ ಚಿತ್ರವಿಲ್ಲದೆ ತಿಳಿನೀಲಿ ಛಾಯೆಯ ಬಿಳುಪಷ್ಟೇ ಇರುವ ಈ ಹೂದಾನಿಗೆ ಆ ಶತಮಾನದಲ್ಲೇ ಹಂಗೇರಿಯ ರಾಜಮನೆತನದ ಬೆಳ್ಳಿಯ ಕಟ್ಟು ಬಿದ್ದಿತ್ತು. 19ನೆಯ ಶತಮಾನದಲ್ಲಿ ಅದನ್ನು ತೆಗೆದುಹಾಕಿದ್ದರಿಂದ, ಅದರ ರೂಪವನ್ನು ಈಗ 1713ರಲ್ಲಿ ಬರೆದ ಒಂದು ಚಿತ್ರದಿಂದ ತಿಳಿಯಬೇಕಾಗಿದೆ.

ಇಂತಹ ವಸ್ತುಗಳನ್ನು ಕಣ್ಣಾರೆ ನೋಡಲು ಕಲಬುರಗಿ ಭಾಗದವರು ಬಹುದೂರ ಹೋಗಬೇಕಿಲ್ಲ. 1874ರಲ್ಲಿ ಆರಂಭವಾದ ವಾಡಿ–ಸಿಕಂದರಾಬಾದ್ ರೈಲುಮಾರ್ಗವು ಚಿತ್ತಾಪುರ, ಸೇಡಂಗಳ ಮೂಲಕವೇ ಹೋಗುತ್ತದೆ. ಶಹಾಬಾದ್, ಚಿಂಚೋಳಿಗಳವರಿಗೂ ಹೈದರಾಬಾದ್ ದೂರವಲ್ಲ. ಅಲ್ಲಿ 1951ರಲ್ಲಿ ತೆರೆದ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದಲ್ಲಿ ಚೀನದ ಪಿಂಗಾಣಿಯನ್ನೂ ಯುರೋಪಿನ ಅಲಂಕಾರ ವಸ್ತುಗಳನ್ನೂ ಒಂದೇ ದಿನ ನೋಡಿ ಹೋಲಿಸಬಹುದು. 1972ರ ಪ್ರಾಚ್ಯವಸ್ತು ಕಾಯ್ದೆಯು ನೂರು ವರ್ಷಕ್ಕೂ ಹಳೆಯದಾದ ಇಂತಹ ಕಲಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿದೆ. ಈ ಭಾಗದ ಹಳೆಯ ಮನೆಗಳಲ್ಲಿ ಲೋಹದ ಪಟ್ಟಿ ಇರುವ ಪಿಂಗಾಣಿ ಪಾತ್ರೆ ಇದ್ದರೆ ಅದರ ಪಟ್ಟಿಯನ್ನು ಕಿತ್ತು ಮಾರದೆ, ಹುಳಿ ಹಚ್ಚಿ ತಿಕ್ಕದೆ, ಇದ್ದಂತೆಯೇ ಉಳಿಸಿ ತಿಳಿದವರಿಗೆ ತೋರಿಸಬೇಕು; ಮಳಖೇಡ, ಫಿರೋಜಾಬಾದ್‌ಗಳ ನೆಲದಲ್ಲಿ ಕಣ್ಣಿಗೆ ಬಿದ್ದ ಚೂರುಗಳನ್ನು ಎತ್ತಿಕೊಂಡು ಹೋಗದೆ ಪುರಾತತ್ವ ಇಲಾಖೆಗೆ ತಿಳಿಸಬೇಕು.