36 ಕ್ಲಿಕ್ಕು, ಯಾರ ಅಪ್ರೂವಲ್ಲೂ ಬೇಡ

ಕಳೆದ ವರ್ಷ ಒಂದು ಆ್ಯಪ್‌ನ ‘ಮುಂದುವರಿಯಿರಿ’ ಬಟನ್‌ಗೆ 14 ಸಲ ಬಣ್ಣ ಬದಲಾಯಿಸಿದೆ. ಕೊನೆಗೆ ಕ್ಲೈಂಟ್ ಒಪ್ಪಿದ್ದು ಎರಡನೇದನ್ನೇ. ಡಿಸೈನ್ ಕೆಲಸದಲ್ಲಿರುವವರಿಗೆ ಇದೇನೂ ಹೊಸ ಕತೆಯಲ್ಲ ಬಿಡಿ. ಆದರೆ ಆ ರಾತ್ರಿ ಲ್ಯಾಪ್‌ಟಾಪ್ ಮುಚ್ಚುವಾಗ ಒಂಥರಾ ಭಯವಾಯಿತು. ಎಂಟು ವರ್ಷದಲ್ಲಿ ಮಾಡಿದ್ದರಲ್ಲಿ ‘ಇದು ನಂದು’ ಅಂತ ತೋರಿಸೋಕೆ ಏನಿದೆ?

ಫೋಟೋಗ್ರಫಿ ಕಾಲೇಜು ದಿನಗಳ ಹುಚ್ಚು. ಆಮೇಲೆ ಇನ್‌ಸ್ಟಾಗ್ರಾಂ ಪೇಜ್ ಮಾಡಿದೆ, ಲೈಕ್ ಎಣಿಸಿದೆ, ಯಾರೋ ಕೇಳಿದರು ಅಂತ ಭಾನುವಾರಗಳಲ್ಲಿ ನಾಮಕರಣ, ಎಂಗೇಜ್‌ಮೆಂಟ್ ಶೂಟ್ ಒಪ್ಪಿಕೊಂಡೆ. ‘ಮುಖ ಸ್ವಲ್ಪ ಬೆಳ್ಳಗೆ ಮಾಡಿ’ ಅಂತ ಮೆಸೇಜ್ ಬರೋಕೆ ಶುರುವಾದಾಗ ಅದೂ ಇನ್ನೊಂದು ಆಫೀಸೇ ಆಯಿತು. ಕ್ಯಾಮೆರಾ ಮಾರಿ, ಆ ದುಡ್ಡಲ್ಲಿ ಒಳ್ಳೆ ಕುರ್ಚಿ ತಗೊಂಡೆ. (ಕುರ್ಚಿ ಬಗ್ಗೆ ದೂರಿಲ್ಲ.)

ಮತ್ತೆ ಶುರುವಾಗಿದ್ದು ತರೀಕೆರೆಯ ಸೋದರಮಾವನ ಮನೆ ಅಟ್ಟದಿಂದ. ಒಂದು ಕಾಲಕ್ಕೆ ಸುತ್ತಲ ಊರಿನ ಮದುವೆಗಳಿಗೆಲ್ಲ ಅವರದೇ ಫೋಟೋ. ‘ಸುಮ್ನೆ ಬೂಷ್ಟು ಹಿಡೀತಿದೆ, ತಗೊಂಡು ಹೋಗೇ’ ಅಂತ ತಮ್ಮ ಪೆಂಟಾಕ್ಸ್ ಕೆ1000 ಕೈಗಿಟ್ಟರು. 1976ರಿಂದ ಎರಡು ದಶಕ ತಯಾರಾದ ಮಾಡೆಲ್. ಅದರಲ್ಲಿ ಆಟೋ ಅನ್ನೋದು ಏನೂ ಇಲ್ಲ. ಬ್ಯಾಟರಿ ಬೇಕಾಗೋದು ಲೈಟ್ ಮೀಟರ್‌ಗೆ ಮಾತ್ರ; ಅದು ಸತ್ತರೂ ಶಟರ್ ಹೊಡೆಯುತ್ತೆ. ಮೀಟರ್ ಇಲ್ಲದೆ ಬೆಳಕು ಅಳೆಯೋದು ಹೇಗೆ ಅಂದೆ. ನೆತ್ತಿ ಸುಡೋ ಬಿಸಿಲಿದ್ದರೆ ಅಪರ್ಚರ್ ಎಫ್/16, ಶಟರ್ ವೇಗ ಫಿಲ್ಮಿನ ಐಎಸ್‌ಒ ಸಂಖ್ಯೆಗೆ ಹತ್ತಿರದ್ದು. 400ರ ರೀಲಾದರೆ 1/500. ಮೋಡ ಬಂದರೆ ಒಂದೆರಡು ಸ್ಟಾಪ್ ತೆರೆ. ಮಾವನ ಪಾಠ ಅಷ್ಟೇ.

ಮೊದಲ ರೀಲು ಪೂರ್ತಿ ಅಜ್ಜಿಗೆ. ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. 89 ವರ್ಷ. ಫೋಟೋ ಅಂದರೆ ಎದ್ದು ಹೋಗುವವರು ಅವತ್ತು ಯಾಕೋ ಸುಮ್ಮನಿದ್ದರು. ಎರಡು ವಾರದ ನಂತರ ಬೆಂಗಳೂರಿನ ಲ್ಯಾಬಿನವರು ಫೋನ್ ಮಾಡಿ, ‘ಮೇಡಂ, ರೀಲು ಖಾಲಿ ಇದೆ’ ಅಂದರು. ಒಂದು ಗೆರೆಯೂ ಇಲ್ಲ. ಮಾವನಿಗೆ ಹೇಳಿದರೆ, ‘ಲಿವರ್ ಎಳೆದಾಗ ಎಡಗಡೆ ಗುಂಡಿ ತಿರುಗ್ತಿತ್ತಾ ನೋಡಿದ್ಯಾ ಪುಟ್ಟಿ?’ ನೋಡಿರಲಿಲ್ಲ. ಫಿಲ್ಮಿನ ತುದಿ ಸುರುಳಿಗೆ ಸಿಕ್ಕಿಯೇ ಇರಲಿಲ್ಲ. ನಾನು ಕ್ಲಿಕ್ ಮಾಡುತ್ತಲೇ ಇದ್ದೆ, ಅದು ಡಬ್ಬಿಯೊಳಗೆ ಆರಾಮಾಗಿ ಮಲಗಿತ್ತು. ಕಂಟ್ರೋಲ್-ಝಡ್ ಒತ್ತಿ ಅಭ್ಯಾಸವಾದ ಕೈ ನೋಡಿ! ಅವತ್ತು ಬಾತ್‌ರೂಮಲ್ಲಿ ನಿಂತು ಅತ್ತೆ.

ಎರಡನೇ ರೀಲು ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲಲ್ಲಿ, ಬೆಳಗಿನ ಜಾವ. ಬಲ್ಬಿನ ಬೆಳಕು ಸಾಲದೆ ಎಫ್/2, 1/30ಕ್ಕೆ ಉಸಿರು ಬಿಗಿಹಿಡಿದು ತೆಗೆದೆ. ಅರ್ಧಕ್ಕರ್ಧ ಅಲುಗಾಡಿವೆ. ಒಂದರಲ್ಲಿ ಸೇವಂತಿಗೆ ಮೂಟೆ ಹೊತ್ತವನ ತಲೆಯೇ ಫ್ರೇಮಿಂದಾಚೆ. ಆಫೀಸಾಗಿದ್ದರೆ ಗ್ರಿಡ್ಡಿಗೆ ತಂದು ಕೂರಿಸುತ್ತಿದ್ದೆ. ಇಲ್ಲಿ ಆಗಲ್ಲ. ನನಗೆ ಅದೇ ಚಿತ್ರ ಇಷ್ಟ.

ಶಿಕಾಗೋದಲ್ಲಿ ಮಕ್ಕಳ ದಾದಿಯಾಗಿದ್ದ ವಿವಿಯನ್ ಮೇಯರ್ ಜೀವಮಾನದಲ್ಲಿ ಲಕ್ಷಕ್ಕೂ ಹೆಚ್ಚು ಫೋಟೋ ತೆಗೆದು, ಹೆಚ್ಚುಕಮ್ಮಿ ಯಾರಿಗೂ ತೋರಿಸಲಿಲ್ಲ. 2007ರಲ್ಲಿ ಅವರ ಪೆಟ್ಟಿಗೆಗಳು ಹರಾಜಾದ ಮೇಲೇ ಜಗತ್ತಿಗೆ ತಿಳಿದಿದ್ದು. ಅಷ್ಟು ಗಟ್ಟಿತನ ನನಗಿಲ್ಲ, ಅಮ್ಮನಿಗೆ ವಾಟ್ಸ್ಆ್ಯಪ್ ಮಾಡೇ ಮಾಡ್ತೀನಿ. ಆದರೆ ಪೇಜ್ ಮಾತ್ರ ಮತ್ತೆ ತೆರೆದಿಲ್ಲ. ಸಹೋದ್ಯೋಗಿಯೊಬ್ಬರು ತಂಗಿ ಮದುವೆಗೆ ‘ಫಿಲ್ಮಲ್ಲಿ ತೆಗೀತೀಯಾ, ದುಡ್ಡು ಕೊಡ್ತಾರೆ’ ಅಂದರು. ಇಲ್ಲ ಅನ್ನೋಕೆ ಎರಡು ದಿನ ಬೇಕಾಯಿತು, ಯಾಕಂದ್ರೆ ರೀಲು ತೊಳೆಸಿ ಸ್ಕ್ಯಾನ್ ಮಾಡಿಸೋದು ಅಗ್ಗವೇನಲ್ಲ. ಈಗ ತಿಂಗಳಿಗೆ ಒಂದೇ ರೀಲು.

ದೀಪಾವಳಿಗೆ ಊರಿಗೆ ಹೋದೆ. ಈ ಸಲ ಲಿವರ್ ಎಳೆದು, ಎಡಗಡೆ ಗುಂಡಿ ತಿರುಗೋದನ್ನು ಮೂರು ಸಲ ನೋಡಿದೆ. ಅಜ್ಜಿ ಜಗಲಿ ಮೇಲೆ ಬತ್ತಿ ಹೊಸೆಯುತ್ತಿದ್ದರು. ಕ್ಯಾಮೆರಾ ಎತ್ತಿದ ತಕ್ಷಣ ತಲೆ ಎತ್ತಿ ಕೇಳಿದರು: ‘ಈ ಸಲನಾದ್ರೂ ಒಳಗೆ ರೀಲು ಇದ್ಯೇನೇ?’

ಫೋಟೋದಲ್ಲಿ ಅವರ ಬಾಯಿ ಅರ್ಧ ತೆರೆದಿದೆ.