ಫೋಟೋ ಎಲ್ಲಿರಬೇಕು: ದಾಸ್ತಾನು ಪುಸ್ತಕದಲ್ಲೋ, ಗೋದಾಮಿನಲ್ಲೋ?

ಕಳೆದ ಮಳೆಗಾಲದಲ್ಲಿ ಸದಸ್ಯ ಬಾಂಧವರಲ್ಲಿ ಹಲವರು ತಮ್ಮ ಅಡಿಕೆ ತೋಟದ ಎಲೆಚುಕ್ಕಿ ರೋಗದ ಫೋಟೋಗಳನ್ನು ಸಂಘದ ಅಂತರ್ಜಾಲ ಪುಟಕ್ಕೆ ಕಳುಹಿಸಿದ್ದುದು ನೆನಪಿರಬಹುದು. ದೀಪಾವಳಿ ಕಳೆದು ನಾವು ಆ ಪುಟ ತೆರೆದಾಗ ಸದಸ್ಯರ ಹೆಸರು, ಸರ್ವೆ ನಂಬರು, ತಾರೀಕು ಎಲ್ಲವೂ ಸರಿಯಾಗಿದ್ದವು; ಫೋಟೋ ಇರಬೇಕಾದಲ್ಲಿ ಮಾತ್ರ ಖಾಲಿ ಚೌಕ. ಯಂತ್ರದ ಡಿಸ್ಕು ಕೆಟ್ಟಿದ್ದರಿಂದ ಹಿಂದಿನ ನಕಲಿನಿಂದ ಎಲ್ಲವನ್ನೂ ಮರಳಿ ಕಟ್ಟಬೇಕಾಗಿ ಬಂದಿತ್ತು. ಆಗ ಡೇಟಾಬೇಸು ಬಂತು, ಫೋಟೋಗಳಿದ್ದ ಫೋಲ್ಡರು ಬರಲಿಲ್ಲ. ಪ್ರತಿ ರಾತ್ರಿ ನಕಲು ತೆಗೆಯುತ್ತಿದ್ದುದು ಡೇಟಾಬೇಸಿನದು ಮಾತ್ರ. ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳದಿದ್ದುದು ಕಾರ್ಯದರ್ಶಿಯಾದ ನಮ್ಮದೇ ತಪ್ಪು. ಪರಿಹಾರದ ಅರ್ಜಿಗೆ ಆಧಾರವಾಗಬೇಕಿದ್ದ ಚಿತ್ರಗಳು ಹೋದ ಮೇಲೆ ಈ ವಿಷಯವನ್ನು ಸ್ವಲ್ಪ ಓದಿಕೊಂಡೆವು. ಓದಿದ್ದನ್ನು ಸದಸ್ಯರ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ನಮ್ಮ ಗೋದಾಮನ್ನೇ ನೋಡಿ. ದಾಸ್ತಾನು ಪುಸ್ತಕದಲ್ಲಿ ಸದಸ್ಯರ ನಂಬರು, ತೂಕ, ರಾಶಿಯೋ ಬೆಟ್ಟೆಯೋ ಎಂಬ ವಿವರ ಇರುತ್ತದೆ; ಮೂಟೆ ಇರುವುದು ಗೋದಾಮಿನಲ್ಲಿ. ಹೆಚ್ಚಿನ ಅಂತರ್ಜಾಲ ತಾಣಗಳೂ ಹೀಗೆಯೇ. ಡೇಟಾಬೇಸಿನಲ್ಲಿ ಫೋಟೋದ ವಿಳಾಸ, ಫೋಟೋ ಬೇರೆ ಫೋಲ್ಡರಿನಲ್ಲಿ. ಪುಸ್ತಕವಿದ್ದು ಮೂಟೆ ಇಲ್ಲದಿದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಇದಕ್ಕೆ ಇನ್ನೊಂದು ದಾರಿಯೂ ಇದೆ. ಫೋಟೋವನ್ನೇ ಡೇಟಾಬೇಸಿನ ಸಾಲಿನೊಳಗೆ ಇಟ್ಟುಬಿಡುವುದು.

ಇಂದಿನ ಡೇಟಾಬೇಸುಗಳ ಮೂಲ ವಿಚಾರವನ್ನು ಐ.ಬಿ.ಎಂ. ಸಂಸ್ಥೆಯ ಇ. ಎಫ್. ಕಾಡ್ ೧೯೭೦ರಲ್ಲಿ ಪ್ರಕಟಿಸಿದರು: ಎಲ್ಲ ಮಾಹಿತಿಯೂ ಕೋಷ್ಟಕಗಳಲ್ಲಿ, ಸಾಲುಗಳಲ್ಲಿ, ಒಂದಕ್ಕೊಂದು ನಂಬರಿನ ಸಂಬಂಧದಿಂದ. ಅಂಥ ಕೋಷ್ಟಕದಲ್ಲಿ ಚಿತ್ರದಂಥ ದೊಡ್ಡ ವಸ್ತುವನ್ನಿಡುವ ಅಂಕಣಕ್ಕೆ ಬ್ಲಾಬ್ ಎನ್ನುತ್ತಾರೆ. ಇಲ್ಲೊಂದು ಎಚ್ಚರಿಕೆ: ಮೈಎಸ್‌ಕ್ಯೂಎಲ್‌ನಲ್ಲಿ ಬರಿಯ ಬ್ಲಾಬ್ ಎಂದು ಬರೆದರೆ ಹಿಡಿಸುವುದು ೬೫,೫೩೫ ಬೈಟು ಮಾತ್ರ. ಮೊಬೈಲಿನ ಫೋಟೋಗೆ ಇದು ಸಾಲದು. ೧೬ ಮೆಗಾಬೈಟಿನವರೆಗೆ ಹಿಡಿಸುವ ಮೀಡಿಯಂಬ್ಲಾಬ್ ಬೇಕು. ಚಿತ್ರವನ್ನು ಬೇಸ್-೬೪ ಅಕ್ಷರಗಳಾಗಿ ಮಾರ್ಪಡಿಸಿ ಇಡುವವರೂ ಇದ್ದಾರೆ. ಹಾಗೆ ಮಾಡಿದರೆ ಗಾತ್ರ ಮೂರನೆಯ ಒಂದು ಪಾಲು ಹೆಚ್ಚುತ್ತದೆ, ಲಾಭವಿಲ್ಲ.

ಇಟ್ಟ ಫೋಟೋ ಸದಸ್ಯರ ಕಣ್ಣಿಗೆ ಬೀಳುವುದು ಹೇಗೆ? ಮೊಬೈಲು ಇಂಥ ನಂಬರಿನ ಫೋಟೋ ಕೊಡಿ ಎಂದು ಕೇಳುತ್ತದೆ. ಸರ್ವರಿನಲ್ಲಿರುವ ಪ್ರೋಗ್ರಾಮು ಕೇಳುವವರಿಗೆ ಹಕ್ಕಿದೆಯೇ ಎಂದು ನೋಡಿ, ಆ ಸಾಲನ್ನು ತರಿಸಿ, ಮುಂದೆ ಒಂದು ಚೀಟಿ ಅಂಟಿಸುತ್ತದೆ: ಇದು ಜೆಪೆಗ್ ಚಿತ್ರ, ಇಷ್ಟು ಬೈಟು. ಚೀಟಿ ತಪ್ಪಾದರೆ ಚಿತ್ರದ ಬದಲು ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣಬಹುದು. ಚೀಟಿಯಲ್ಲಿ ಈಟ್ಯಾಗ್ ಎಂಬ ಗುರುತನ್ನೂ ಸೇರಿಸಬಹುದು. ಮುಂದಿನ ಸಲ ಮೊಬೈಲು ಆ ಗುರುತು ತೋರಿಸಿ ಕೇಳಿದಾಗ, ಫೋಟೋ ಬದಲಾಗಿಲ್ಲವಾದರೆ ಸರ್ವರು ೩೦೪ ಎಂಬ ಉತ್ತರವಷ್ಟೇ ಕೊಡುತ್ತದೆ. ಚಿತ್ರವನ್ನು ಮತ್ತೆ ಕಳುಹಿಸುವುದಿಲ್ಲ. ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ನಮ್ಮವರಿಗೆ ಇದೊಂದು ದೊಡ್ಡ ಅನುಕೂಲ.

ಡೇಟಾಬೇಸಿನಿಂದ ಚಿತ್ರ ಹಂಚುವುದು ಹೊಸ ಪ್ರಯೋಗವಲ್ಲ. ೧೯೯೮ರಲ್ಲಿ ಮೈಕ್ರೋಸಾಫ್ಟ್‌ನ ಜಿಮ್ ಗ್ರೇ, ಟಾಮ್ ಬಾರ್ಕ್ಲೇ ಮೊದಲಾದವರು ಟೆರಾಸರ್ವರ್ ಎಂಬ ತಾಣವನ್ನು ತೆರೆದರು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಮಾನಚಿತ್ರಗಳನ್ನೂ ರಷ್ಯದ ಉಪಗ್ರಹಚಿತ್ರಗಳನ್ನೂ ಸುಮಾರು ೧೦ ಕಿಲೋಬೈಟಿನ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡನ್ನು ಒಂದೊಂದು ಸಾಲಿನಲ್ಲಿಟ್ಟು ಲೋಕಕ್ಕೆ ಹಂಚಿದರು. ಆ ತಾಣ ಇಂದು ಇಲ್ಲ, ಪಾಠ ಉಳಿದಿದೆ: ತುಂಡು ಚಿಕ್ಕದಾದರೆ ಡೇಟಾಬೇಸು ಸಮರ್ಥವಾಗಿ ನಿಭಾಯಿಸುತ್ತದೆ.

ಎಷ್ಟು ಚಿಕ್ಕದು? ಇದನ್ನು ರಸೆಲ್ ಸಿಯರ್ಸ್, ಕ್ಯಾಥರೀನ್ ವ್ಯಾನ್ ಇಂಗೆನ್ ಮತ್ತು ಅದೇ ಜಿಮ್ ಗ್ರೇ ೨೦೦೬ರಲ್ಲಿ ಅಳೆದು ನೋಡಿದರು. ಅವರ ಪರೀಕ್ಷೆಯಲ್ಲಿ ೨೫೬ ಕಿಲೋಬೈಟಿಗಿಂತ ಚಿಕ್ಕದು ಡೇಟಾಬೇಸಿನಲ್ಲಿ ಮೇಲು, ೧ ಮೆಗಾಬೈಟಿಗಿಂತ ದೊಡ್ಡದು ಫೈಲಿನಲ್ಲಿ ಮೇಲು, ನಡುವಿನದು ಎಷ್ಟು ಸಲ ಬದಲಾಗುತ್ತದೆ ಎಂಬುದನ್ನು ಅವಲಂಬಿಸಿದೆ ಎಂದು ಕಂಡುಬಂತು. ಆ ಕಾಲದ ಒಂದು ಡೇಟಾಬೇಸು, ಒಂದು ಬಗೆಯ ಫೈಲು ವ್ಯವಸ್ಥೆಯ ಮೇಲಿನ ಅಳತೆ ಅದು. ಕಲ್ಲಿನಲ್ಲಿ ಕೆತ್ತಿದ ಗಡಿಯಲ್ಲ. ಆದರೂ ಅಂದಾಜಿಗೆ ಸಾಕು.

ನಮ್ಮ ಸಮಿತಿಯಲ್ಲಿರುವ, ಕಂಪ್ಯೂಟರ್ ಕೆಲಸ ಬಿಟ್ಟು ತೋಟಕ್ಕೆ ಮರಳಿದ ಕಿರಿಯರೊಬ್ಬರು ಆಕ್ಷೇಪವೆತ್ತಿದರು: ಡೇಟಾಬೇಸು ಊದಿಕೊಳ್ಳುತ್ತದೆ, ನಕಲು ತೆಗೆಯಲು ಹೊತ್ತು ಹಿಡಿಯುತ್ತದೆ, ಪ್ರತಿ ಫೋಟೋಗೂ ಡೇಟಾಬೇಸಿನ ಬಾಗಿಲು ತಟ್ಟಬೇಕಾಗುತ್ತದೆ, ಫೈಲಾದರೆ ಸರ್ವರು ನೇರವಾಗಿ ಕೊಡುತ್ತದೆ. ಮಾತು ಸರಿಯೇ. ಸಾವಿರಾರು ಜನ ಒಟ್ಟಿಗೆ ನೋಡುವ ತಾಣಕ್ಕೆ ಫೈಲೇ ಸೂಕ್ತ. ನಮ್ಮ ಫೋಟೋಗಳನ್ನು ನೋಡುವವರು ಸದಸ್ಯರು, ತಜ್ಞರು, ಅಧಿಕಾರಿಗಳು. ನಮಗೆ ವೇಗಕ್ಕಿಂತ ದಾಖಲೆ ಮತ್ತು ಚಿತ್ರ ಬೇರೆಯಾಗದಿರುವುದು ಮುಖ್ಯ.

ಆದುದರಿಂದ ಸಮಿತಿ ಹೀಗೆ ನಿಶ್ಚಯಿಸಿದೆ. ಕಳುಹಿಸಿದ ಫೋಟೋವನ್ನು ಸುಮಾರು ೨೦೦ ಕಿಲೋಬೈಟಿಗೆ ಕಿರಿದುಗೊಳಿಸಿ ಡೇಟಾಬೇಸಿನಲ್ಲಿ ಇಡಲಾಗುವುದು. ಪಟ್ಟಿ ತೆರೆದಾಗಲೆಲ್ಲ ಚಿತ್ರದ ಹೊರೆ ಬೀಳದಂತೆ ಅದಕ್ಕೆ ಬೇರೆ ಕೋಷ್ಟಕ. ಮೂರು ನಾಲ್ಕು ಮೆಗಾಬೈಟಿನ ಮೂಲ ಫೋಟೋ ಫೋಲ್ಡರಿನಲ್ಲಿರುತ್ತದೆ. ಎರಡರ ನಕಲೂ ಒಟ್ಟಿಗೆ ತೆಗೆಯಲ್ಪಟ್ಟು ಬೇರೆ ಊರಿನ ಯಂತ್ರಕ್ಕೆ ಹೋಗುತ್ತದೆ. ವರ್ಷಕ್ಕೆರಡು ಬಾರಿ, ಮಳೆಗೆ ಮುಂಚೆ ಮತ್ತು ಕೊಯ್ಲು ಮುಗಿದ ಮೇಲೆ, ಆ ನಕಲನ್ನು ಖಾಲಿ ಯಂತ್ರದಲ್ಲಿ ಮರಳಿ ಕಟ್ಟಿ, ಗೋದಾಮಿನ ದಾಸ್ತಾನು ತಾಳೆ ನೋಡುವಂತೆ ನೋಡಲಾಗುವುದು. ಮರಳಿ ಕಟ್ಟಿ ನೋಡದ ನಕಲನ್ನು ನಕಲೆಂದು ನಂಬಬಾರದೆಂಬುದು ನಾವು ದಂಡ ತೆತ್ತು ಕಲಿತ ಪಾಠ.

ಕೊನೆಯದಾಗಿ ಒಂದು ವಿನಂತಿ. ಕಳೆದ ಮಳೆಗಾಲದ ಫೋಟೋಗಳು ಅನೇಕರ ಮೊಬೈಲಿನಲ್ಲಿ ಇನ್ನೂ ಇರಬಹುದು. ಅಳಿಸದೆ, ದಯವಿಟ್ಟು ಮತ್ತೊಮ್ಮೆ ಕಳುಹಿಸಿಕೊಡಿ. ಕಳುಹಿಸಲು ಬಾರದ ಹಿರಿಯರು ಸಂತೆಯ ದಿನ ಮೊಬೈಲಿನೊಂದಿಗೆ ಸಂಘದ ಕಚೇರಿಗೆ ಬಂದರೆ ನಾವೇ ತೆಗೆದುಕೊಳ್ಳುತ್ತೇವೆ. ಖಾಲಿ ಚೌಕಗಳು ಒಂದೊಂದಾಗಿ ತುಂಬುವುದನ್ನು ನೋಡುವ ಆಸೆ ನಮಗಿದೆ.