ಯಕೃತ್ತಿನ ಕಸಿಗೆ ಮುನ್ನ ಹೃದಯದ ಕವಾಟ

ಯಕೃತ್ತು ನಾರುಗಟ್ಟಿ ಗಡುಸಾಗುವ ಸಿರೋಸಿಸ್ ಕಾಯಿಲೆ ಕಸಿಯ ಹಂತಕ್ಕೆ ಬಂದಿರುವ ರೋಗಿಯಲ್ಲಿ ಹೃದಯದ ಕವಾಟವೂ ಕೆಟ್ಟಿರುವುದು ಕಂಡುಬಂದರೆ, ಯಾವುದನ್ನು ಮೊದಲು ಸರಿಪಡಿಸಬೇಕೆಂಬ ಪ್ರಶ್ನೆ ವೈದ್ಯರಿಗೆ ಎದುರಾಗುತ್ತದೆ. ಸಿರೋಸಿಸ್‌ನಲ್ಲಿ ರಕ್ತನಾಳಗಳು ಸಡಿಲಗೊಳ್ಳುವುದರಿಂದ ಹೃದಯವು ವಿಶ್ರಾಂತಿಯಲ್ಲಿಯೂ ಹೆಚ್ಚು ದುಡಿಯುತ್ತಿರುತ್ತದೆ. ಆರೋಗ್ಯವಂತರಲ್ಲಿ 3ರಿಂದ 4 ಚದರ ಸೆಂಟಿಮೀಟರಿನಷ್ಟು ತೆರೆದುಕೊಳ್ಳುವ ಮಹಾಪಧಮನಿಯ ಕವಾಟವು 1 ಚದರ ಸೆಂಟಿಮೀಟರಿಗಿಂತ ಕಿರಿದಾದರೆ ಅದನ್ನು ತೀವ್ರ ಸಂಕೋಚನವೆಂದು ಪರಿಗಣಿಸಲಾಗುತ್ತದೆ. ಕಸಿ ಮಾಡಿದ ಯಕೃತ್ತಿಗೆ ರಕ್ತ ಹರಿಯಬಿಟ್ಟ ಕೂಡಲೇ ಅದರಿಂದ ತಣ್ಣನೆಯ, ಪೊಟ್ಯಾಸಿಯಂ ಹೆಚ್ಚಿರುವ ರಕ್ತ ಹೃದಯಕ್ಕೆ ನುಗ್ಗಿ ರಕ್ತದೊತ್ತಡ ಕುಸಿಯಬಹುದು. ಆಗ ಹೆಚ್ಚು ರಕ್ತ ಹೊರದೂಡಿ ಒತ್ತಡವನ್ನು ಕಾಯ್ದುಕೊಳ್ಳಲು ಇಂತಹ ಇಕ್ಕಟ್ಟಾದ ಕವಾಟವು ಬಿಡುವುದಿಲ್ಲ.

ಹಾಗೆಂದು ಮೊದಲು ಎದೆ ತೆರೆದು ಕವಾಟ ಬದಲಿಸುವುದೂ ಸುಲಭವಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳಲ್ಲಿ ಹೆಚ್ಚಿನವು ತಯಾರಾಗುವುದು ಯಕೃತ್ತಿನಲ್ಲೇ ಆದ್ದರಿಂದ, ಮುಂದುವರಿದ ಸಿರೋಸಿಸ್‌ನಲ್ಲಿ ಅಂತಹ ಶಸ್ತ್ರಚಿಕಿತ್ಸೆಯೇ ಪ್ರಾಣಕ್ಕೆ ಎರವಾಗಬಹುದು. ಫ್ರಾನ್ಸಿನ ಅಲೆನ್ ಕ್ರಿಬಿಯೆ 2002ರಲ್ಲಿ ಮೊದಲ ಬಾರಿಗೆ ರಕ್ತನಾಳದ ಮೂಲಕ ಮಹಾಪಧಮನಿಯ ಕವಾಟವನ್ನು ಅಳವಡಿಸಿದ ಮೇಲೆ ಈ ಇಕ್ಕಟ್ಟಿಗೆ ಒಂದು ದಾರಿ ಕಂಡಿತು. ಟಾವಿ ಎಂದು ಕರೆಯುವ ಈ ವಿಧಾನದಲ್ಲಿ, ಸಾಮಾನ್ಯವಾಗಿ ತೊಡೆಸಂದಿನ ಅಪಧಮನಿಯಿಂದ ಕೊಳವೆ ತೂರಿಸಿ, ಪ್ರಾಣಿಯ ಅಂಗಾಂಶದಿಂದ ಮಾಡಿದ ಕವಾಟವನ್ನು ಕೂರಿಸುತ್ತಾರೆ. ಲೋಹದ ಕವಾಟಕ್ಕೆ ಜೀವನಪರ್ಯಂತ ಬೇಕಾಗುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧಿ ಇದಕ್ಕೆ ಸಾಮಾನ್ಯವಾಗಿ ಬೇಕಿಲ್ಲವೆಂಬುದು, ಮೊದಲೇ ರಕ್ತಸ್ರಾವದ ಭಯವಿರುವ ರೋಗಿಗೆ ದೊಡ್ಡ ಅನುಕೂಲ.

ಪಾಶ್ಚಾತ್ಯ ವೈದ್ಯಸಾಹಿತ್ಯ ಮಹಾಪಧಮನಿಯ ಕವಾಟದ ಸುತ್ತಲೇ ಹೆಚ್ಚು ತಿರುಗಿದರೂ, ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಎಡಗಡೆಯ ಮೈಟ್ರಲ್ ಕವಾಟ ಕಿರಿದಾದವರನ್ನು ಭಾರತದಲ್ಲಿ ಮರೆಯುವಂತಿಲ್ಲ. ಜಪಾನಿನ ಕಾಂಜಿ ಇನೊವೆ 1982ರಲ್ಲಿ ಆರಂಭಿಸಿದ, ಬಲೂನಿನಿಂದ ಕವಾಟವನ್ನು ಹಿಗ್ಗಿಸುವ ಚಿಕಿತ್ಸೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ರೂಢಿಯಲ್ಲಿದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಚಾರವೆಂದರೆ, ಕವಾಟ ಕೆಟ್ಟು ರಕ್ತ ಹಿಂದೆ ಒತ್ತುವುದರಿಂದಲೇ ಯಕೃತ್ತು ಊದಿ ಹಾಳಾಗಿರಬಹುದು; ಅಂತಹವರಲ್ಲಿ ಕವಾಟ ಸರಿಯಾದರೆ ಕೆಲವೊಮ್ಮೆ ಕಸಿಯ ಅಗತ್ಯವೇ ತಪ್ಪಬಹುದಾದ್ದರಿಂದ, ಕಾಯಿಲೆಯ ಮೂಲವನ್ನು ಮೊದಲು ಗುರುತಿಸಬೇಕು.

ಉದಾಹರಣೆಗೆ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು, ಉಳ್ಳಾರ್ತಿ ಕಾವಲ್ ಭಾಗದ ರೋಗಿಯು ಸುಮಾರು 200 ಕಿಲೋಮೀಟರ್ ಅಥವಾ ಅದಕ್ಕಿಂತ ಹೆಚ್ಚು ದೂರದ ಬೆಂಗಳೂರಿಗೆ ಬಂದು, ಹೃದಯವನ್ನು ಒಂದು ಕಡೆ, ಯಕೃತ್ತನ್ನು ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ಅಂಗಾಂಗ ಕಸಿ ಸಂಸ್ಥೆಯಂತಹ ಇನ್ನೊಂದು ಕಡೆ ತೋರಿಸಬೇಕಾಗಬಹುದು. ಎರಡೂ ಕಡೆಯ ವೈದ್ಯರು ಒಟ್ಟಿಗೆ ಕುಳಿತು ತೀರ್ಮಾನಿಸುವಂತೆ ಮನೆಯವರು ಕೇಳಿಕೊಳ್ಳಬೇಕು. ರೋಗಿಗೆ ಬಾಲ್ಯದಲ್ಲಿ ಕೀಲುನೋವಿನ ಜ್ವರ ಬಂದಿದ್ದರೆ ಅದನ್ನು ತಪ್ಪದೆ ತಿಳಿಸಿ, ಹೃದಯದ ಎಕೋ ಪರೀಕ್ಷೆಯ ವರದಿಯನ್ನು ಎಲ್ಲೆಡೆಗೂ ಜೊತೆಯಲ್ಲೇ ಒಯ್ಯಬೇಕು.